ಅತ್ತೆಯ ಪಾಲಿನ ಸಾಲು

ಬೇರೆ ಬೇರೆ ಚರ್ಚಿನ ಹೆಂಗಸರು ವರ್ಷಕ್ಕೊಮ್ಮೆ ಒಂದೆಡೆ ಕೂತು ಪ್ರಾರ್ಥಿಸುವುದು ನಮ್ಮ ಕಡೆ ಶುರುವಾದದ್ದು ಅಥಣಿಯ ನಮ್ಮ ಅಂಗಳದಲ್ಲಿ. ಶುರು ಮಾಡಿದವರು ಇಬ್ಬರು. ಒಬ್ಬರು ನನ್ನ ಅತ್ತೆ, ಪ್ರೊಟೆಸ್ಟಂಟ್. ಇನ್ನೊಬ್ಬರು ನಿಪ್ಪಾಣಿಯ ನರ್ಸಬಾಯಿ, ಕ್ಯಾಥೊಲಿಕ್. ಅಥಣಿಯಲ್ಲಿ ನೌಕರಿಯಲ್ಲಿದ್ದಾಗ ಅತ್ತೆಯ ಹೆರಿಗೆ ಮಾಡಿಸಿ ಗೆಳತಿಯಾದವರು.

ಮುಂದೆ ಅದು ರಾಯಬಾಗ, ಕಾಗವಾಡದವರೆಗೂ ಹಬ್ಬಿತು. ಅದರ ಚರಿತ್ರೆ ಬರೆಯುವ ಕೆಲಸ ನನ್ನ ಮೇಲೆ ಬಿತ್ತು. ನಾನು ಹೈಸ್ಕೂಲಿನ ಕನ್ನಡ ಟೀಚರು, ಬರವಣಿಗೆಯ ಬಗ್ಗೆ ಕೊಂಚ ಜಂಬವಿತ್ತು. ಐಕ್ಯತೆ, ಬೆಳಕು ಎಂದೆಲ್ಲ ಬರೆದು, ಹಾಸಿಗೆ ಹಿಡಿದಿದ್ದ ಅತ್ತೆಗೆ ಓದಿದೆ.

"ನನ್ನ ತಪ್ಪು ಎಲ್ಲೈತಿ?" ಎಂದರು ಅತ್ತೆ.

ಆ ತಪ್ಪು ನಡೆದದ್ದು ಎರಡು ಸಾವಿರದ ಇಸವಿಯ ಆಚೀಚೆ. ಮೊದಲ ಸಲ ಎಲ್ಲರೂ ಕೂಡಿ, ಯೇಸು ಕಲಿಸಿದ ಪ್ರಾರ್ಥನೆ ಹೇಳಿದ್ದರು. ಕ್ಯಾಥೊಲಿಕರದು ಕೇಡಿನಿಂದ ಕಾಪಾಡು ಎನ್ನುವಲ್ಲಿಗೆ ಮುಗಿಯುತ್ತದೆ. ನಮ್ಮದರಲ್ಲಿ ಇನ್ನೊಂದು ಸಾಲಿದೆ: ರಾಜ್ಯ, ಬಲ, ಮಹಿಮೆ ಎಲ್ಲ ದೇವರದು ಎಂದು. ನರ್ಸಬಾಯಿ ಆಮೆನ್ ಎಂದು ಸುಮ್ಮನಾದರು. ಅತ್ತೆಗೆ ಈ ವ್ಯತ್ಯಾಸವೇ ಗೊತ್ತಿರಲಿಲ್ಲ. "ಅರ್ಧಕ್ಕ ಯಾಕ ಬಿಟ್ರಿ ಬಾಯಾರ? ಪೂರಾ ಹೇಳ್ರಿ" ಎಂದು ಎಲ್ಲರೆದುರು ಅಂದುಬಿಟ್ಟರು. ನಾಲ್ಕು ಜನ ನಕ್ಕರು. ನರ್ಸಬಾಯಿ ಊಟ ಮಾಡದೆ ಊರಿಗೆ ಹೊರಟು ಚಿಕ್ಕೋಡಿ ಬಸ್ಸು ಹತ್ತಿದರು.

ಯಾರೋ ಬಿಡಿಸಿ ಹೇಳಿದ ಮೇಲೆ ಅತ್ತೆ ನಿಪ್ಪಾಣಿಗೆ ಹೋಗಿ ಅವರನ್ನು ಸಮಾಧಾನ ಮಾಡಿ ಬಂದರು. ಅಂದಿನಿಂದ ಒಂದು ರೂಢಿ ಬಿತ್ತು. ಮೊದಲು ಮುಗಿಸಿದವರು ಕಾಯಬೇಕು, ಮರಾಠಿಯಲ್ಲಿ ಹೇಳುವವರೂ ಮುಗಿಸಿದ ಮೇಲೆಯೇ ಎಲ್ಲರೂ ಕೂಡಿ ಆಮೆನ್. ಆ ಕಾಯುವಿಕೆ ನನಗೆ ಪ್ರಾರ್ಥನೆಗಿಂತ ಇಷ್ಟ.

"ಅದನ್ನ ಬರಿಯೂದು ಬ್ಯಾಡ್ರಿ ಅತ್ತಿ, ಮಂದಿ ಏನಂದಾರು?" ಎಂದೆ.

"ಅನ್ಲಿ ಬಿಡು. ಆಕಿ ಮರ್ಯಾದಿ ಕಳದಿದ್ದು ಎಲ್ಲಾರ ಮುಂದ. ಮಾಫಿ ಕೇಳಿದ್ದು ಆಕಿ ಅಡಗಿಮನ್ಯಾಗ. ಎಲ್ಲಾರ ಮುಂದ ಕೇಳೂದು ಉಳದೈತಿ."

ನನಗೆ ಸಿಟ್ಟು ಬಂತು. ಇಷ್ಟು ಒಳ್ಳೆಯ ಹೆಂಗಸನ್ನು ನಾನೇ ಕೈಯಾರೆ ಚಿಕ್ಕವಳನ್ನಾಗಿ ಮಾಡಬೇಕೇ? ಆದರೂ ಅವರು ಹೇಳಿದಂತೆಯೇ ಬರೆದೆ. ಆ ವರ್ಷದ ಸಭೆಗೆ ಎರಡು ವಾರವಿರುವಾಗ ಅತ್ತೆ ತೀರಿಕೊಂಡರು.

ಸಭೆಯಲ್ಲಿ ನಾನೇ ಓದಿದೆ. ಅತ್ತೆಯ ತಪ್ಪಿನ ಪುಟವನ್ನೂ ಬಿಡಲಿಲ್ಲ. ನರ್ಸಬಾಯಿ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು. ಆಮೇಲೆ ಎಲ್ಲರೂ ಎದ್ದು ಪ್ರಾರ್ಥನೆ ಶುರು ಮಾಡಿದೆವು.

ನರ್ಸಬಾಯಿ ಎಂದಿನಂತೆ ಕೇಡಿನಿಂದ ಕಾಪಾಡು ಎನ್ನುವಲ್ಲಿ ನಿಲ್ಲಲಿಲ್ಲ. ನಮ್ಮ ಪ್ರಾರ್ಥನೆಯ ಆ ಕೊನೆಯ ಸಾಲನ್ನೂ ಹಿಡಿದರು. ಮಹಿಮೆ ಮೊದಲು ಬಂತು, ಬಲ ಬಿಟ್ಟುಹೋಯಿತು, ಮತ್ತೆ ಹಿಂದಕ್ಕೆ ಹೋಗಿ ಸೇರಿಸಿದರು. ಅಂಗಳವೆಲ್ಲ ಅವರಿಗಾಗಿ ಕಾಯಿತು. ಅವರು ಮುಗಿಸಿದ ಮೇಲೆ ಎಲ್ಲರೂ ಆಮೆನ್ ಎಂದೆವು.

ಕೈ ಹಿಡಿದು ಅವರನ್ನು ಕುರ್ಚಿಯಲ್ಲಿ ಕೂರಿಸಿದೆ.

"ಆ ಸಾಲು ನಿಮ್ಮತ್ತಿ ಪಾಲಿಂದವ್ವಾ" ಎಂದರು. ನನ್ನ ಕೈ ಬಿಡದೆ ಕೇಳಿದರು, "ಪೂರಾ ಹೇಳಿದ್ನಿಲ್ಲ?"

"ಪೂರಾ ಹೇಳಿದ್ರಿ" ಎಂದೆ.