ಕ್ರಿಸ್ಮಸ್ ಕಾರ್ಡಿಗೆ ಅರಿಸಿನ

ನರ್ಸಿಂಗ್ ಹಾಸ್ಟೆಲಿನಲ್ಲಿ ಕಲಿತ ಶಿಸ್ತು ಕ್ರಿಸ್ಮಸ್ ಕಾರ್ಡಿನ ಕೆಲಸಕ್ಕೂ ಒದಗಿದೆ. ನವೆಂಬರ್ ಕೊನೆಯಲ್ಲಿ ಶುರು. ತಿಂಡಿಯಾದ ಮೇಲೆ ಒಂದು ಗಂಟೆ, ಅಷ್ಟೇ. ಮೊದಲ ದಿನ ವಿಳಾಸ, ಮರುದಿನ ಸ್ಟಾಂಪು, ಆಮೇಲೆ ದಿನಕ್ಕೆ ಐದು ಕಾರ್ಡು. ಹಳ್ಳಿಗಳಿಗೆ ಹೋಗುವುದು ಮೊದಲು, ಮೈಸೂರಿನದು ಕೊನೆಗೆ. ಹಬ್ಬದ ಹಿಂದಿನ ದಿನ ಪೆನ್ನು ಹುಡುಕುವ ಗೋಳಿಲ್ಲ.

ಹೋದ ವರ್ಷ ಬೇಸಿಗೆಯಲ್ಲಿ ಯಜಮಾನರಿಗೆ ಹೃದಯದ ಆಪರೇಷನ್ ಆಯಿತು. ಚೇತರಿಸಿಕೊಂಡ ಮೇಲೂ ಬಂದವರೆಲ್ಲ ಅವರನ್ನು ಬಿಟ್ಟು ನನ್ನ ಹತ್ತಿರ ಪಿಸುಮಾತಿನಲ್ಲಿ ವಿಚಾರಿಸುತ್ತಿದ್ದರು. ಅವರಿಗೆ ಅದು ಹಿಡಿಸುತ್ತಿರಲಿಲ್ಲ. ಗುಣವಾಗಿದ್ದಾರೆಂದು ಎಲ್ಲರಿಗೂ ತಿಳಿಯಲೆಂದು ಫೋಟೊ ಹಾಕಿ ಕಾರ್ಡು ಅಚ್ಚು ಮಾಡಿಸಿದೆ. ಇಬ್ಬರೂ ನಿಂತ ಫೋಟೊದಲ್ಲಿ ನನ್ನ ಕಣ್ಣು ಮುಚ್ಚಿತ್ತು. ಅವರೊಬ್ಬರನ್ನೇ ಹಾಕಿ ಎಂದೆ. ಮಿನುಗುಪುಡಿ ಕೈಗಂಟುತ್ತದೆ, ಕಪ್ಪು ಮಸಿ ಸಾಕು ಎಂದೆ. ಚಾಮರಾಜನಗರದ ಪ್ರೆಸ್ಸಿನವರು ಫೋಟೊವನ್ನು ಮೊಟ್ಟೆಯಾಕಾರಕ್ಕೆ ಕತ್ತರಿಸಿ, ನಾನು ಬರೆದುಕೊಟ್ಟಂತೆ ಕೆಳಗೆ ‘ದೇವರ ಕೃಪೆಯಿಂದ ನೆಮ್ಮದಿಯಾಗಿದ್ದಾರೆ’ ಎಂದು ಹಾಕಿದರು. ಹಬ್ಬದ ಶುಭಾಶಯ ಒಳಪುಟದಲ್ಲಿತ್ತು. ಅಚ್ಚುಕಟ್ಟಾಗಿಯೇ ಕಂಡಿತು. ಹಳ್ಳಿ ಕಡೆಯ ಎಂಟು ಕಾರ್ಡು ಅಂಚೆಗೆ ಹಾಕಿದೆ.

ಮೂರನೆಯ ದಿನ ಭೀಮನಬೀಡಿನಿಂದ ಯಜಮಾನರ ಗೆಳೆಯರೊಬ್ಬರು ಮೊದಲ ಬಸ್ಸಿಗೇ ಬಂದರು. ಕೈಯಲ್ಲಿ ಸೇವಂತಿಗೆ ಹಾರ. ಬಾಗಿಲು ತೆಗೆದವರು ಯಜಮಾನರೇ.

“ಏನ್ಲಾ, ಆರ ಯಾರ್ಗೆ?”

ಗೆಳೆಯರು ಹೊಸಿಲಲ್ಲೇ ನಿಂತರು. “ನಿಂಗೇ ಕಣ್ಲಾ. ತಿಥಿ ಕಾರ್ಡು ಕಳ್ಸ್‌ಬುಟ್ಟು ಬಾಗ್ಲು ತೆಗೀತಿದ್ದಿಯಲ್ಲ.”

“ಕೆಳಗಡೆ ಓದ್ಲಿಲ್ವಾ?”

“ಓದ್ದೆ. ನೆಮ್ಮದಿಯಾಗಿದ್ದಾರೆ ಅಂತ ಬರ್ದದೆ. ಬದುಕಿರೋರು ಯಾರ್ಲಾ ನೆಮ್ಮದಿಯಾಗವ್ರೆ?”

ಯಜಮಾನರು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ನನಗೆ ನಗು ಬರಲಿಲ್ಲ. ಇನ್ನೂ ಮೂವತ್ತು ಕಾರ್ಡು ಮೇಜಿನ ಮೇಲಿದ್ದವು. ಮದುವೆ ಕಾರ್ಡಿನ ಕೆಲಸ ತುಂಬಿದೆ, ಹದಿನೈದು ದಿನ ಬೇರೆ ಅಚ್ಚು ಹಾಕಲು ಆಗುವುದಿಲ್ಲ ಎಂದು ಪ್ರೆಸ್ಸಿನವರು ಫೋನಿನಲ್ಲೇ ಹೇಳಿಬಿಟ್ಟರು.

“ನಾಕ್ ಮೂಲೆಗೂ ಅರಿಸ್ನ ಅಚ್ಬುಡಿ ಸಿಸ್ಟ್ರಮ್ಮ,” ಎಂದರು ಗೆಳೆಯರು. “ಅರಿಸ್ನದ ಕಾಗ್ದ ನೋಡಿ ಯಾರೂ ಅಳಲ್ಲ.”

ಅದು ಮದುವೆ, ಗೃಹಪ್ರವೇಶದ ಕಾಗದಕ್ಕೆ ಹಚ್ಚುವುದು. ಚರ್ಚಿನವರು ಏನೆನ್ನುತ್ತಾರೋ ಎಂದು ಐದು ನಿಮಿಷ ಯೋಚಿಸಿ, ಬಟ್ಟಲಲ್ಲಿ ಅರಿಸಿನ ಕಲಸಿ ತಂದೆ. ಗೆಳೆಯರು ಹಚ್ಚಿದರು, ಯಜಮಾನರು ಬಿಸಿಲಿಗೆ ಹರವಿದರು, ನಾನು ಒಣಗಿದ್ದನ್ನು ಕವರಿಗೆ ಹಾಕಿದೆ. ಊಟದ ಹೊತ್ತಿಗೆ ಮುಗಿಯಿತು.

ಕಾರ್ಡು ಆಗಲೇ ಹೋಗಿದ್ದ ಉಳಿದ ಏಳು ಮನೆಗಳಿಗೆ ಯಜಮಾನರೇ ಫೋನ್ ಮಾಡಿದರು. ಗುಂಡ್ಲುಪೇಟೆಯ ಅತ್ತಿಗೆ ದನಿ ಕೇಳಿದ್ದೇ ಫೋನ್ ಇಟ್ಟುಬಿಟ್ಟರು. ಎರಡನೆಯ ಸಲ ಮಾಡಿದಾಗ ಚೆನ್ನಾಗಿ ಬೈದರು. ಬೈದದ್ದನ್ನು ಇವರು ಊಟಕ್ಕೆ ಕೂತು ಎರಡು ಸಲ ಹೇಳಿಕೊಂಡರು. ಆಪರೇಷನ್ ಆದ ಮೇಲೆ ಅವರನ್ನು ಯಾರೂ ಬೈದಿರಲಿಲ್ಲ.