ಸೌದೆ ಕೊಟ್ಟಿಗೆಯ ಮೂರು ದಿನ

ಹೋಟೆಲಿನವನ ಹೆಂಡತಿಗೆ ಪುರುಸೊತ್ತು ಎಂಬುದಿಲ್ಲ. ಪುತ್ತೂರಿನ ದರ್ಬೆಯಲ್ಲಿ ತಿರುಮಲೇಶ್ವರ ಭಟ್ಟರ ಹೋಟೆಲಿಗೆ ಬಂದು ದೋಸೆ ತಿಂದು, ಎರಡು ಸಲ ಚಟ್ನಿ ಹಾಕಿಸಿಕೊಂಡು, ಭಟ್ಟರ ಕೈಗುಣವನ್ನು ಹೊಗಳಿ ಹೋದವರಿಗೆ ಲೆಕ್ಕವಿಲ್ಲ. ಭಟ್ಟರ ಕೈ ಗಲ್ಲಾಪೆಟ್ಟಿಗೆ ಬಿಟ್ಟು ಬೇರೇನನ್ನಾದರೂ ಮುಟ್ಟಿದ್ದನ್ನು ಕಂಡವರು ಮಾತ್ರ ಯಾರೂ ಇಲ್ಲ. ಗುಣವೆಲ್ಲ ಒಳಗೆ ಕಡೆಯುವ ಕಲ್ಲಿನ ಮುಂದೆ ಕೂತ ಮೂಕಾಂಬಿಕೆಯದು. ಬೆಟ್ಟಂಪಾಡಿಯಲ್ಲಿ ಎಂಟನೆಯ ಕ್ಲಾಸು ಓದಿ, ಹದಿನಾರಕ್ಕೆ ಮದುವೆಯಾಗಿ ಈ ಅಡುಗೆಮನೆಗೆ ಬಂದವಳು ಆಮೇಲೆ ಹೊರಗೆ ಹೋದದ್ದು ಬೆರಳೆಣಿಕೆಯಷ್ಟು ಸಲ.

ತಿಂಗಳಿಗೆ ಮೂರು ದಿನ ಮಾತ್ರ ಅವಳಿಗೆ ರಜೆ. ಮುಟ್ಟಾದ ಹೆಂಗಸು ಒಳಗೆ ಬರುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ. ಹೋಟೆಲಿನ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಅವಳಿಗೊಂದು ಚಾಪೆ, ಒಂದು ಚೆಂಬು. ಊಟ ದೂರದಿಂದ ಬರುತ್ತದೆ. ನಾಲ್ಕನೆಯ ದಿನ ಮಿಂದು ಒಳಗೆ. ಮೊದಮೊದಲು ಅವಳು ಅಲ್ಲಿ ಕೂತು ಅಳುತ್ತಿದ್ದಳು. ಹೊರಗೆ ಕೂತಳೆಂದರೆ ಈ ತಿಂಗಳೂ ಬಸಿರಿಲ್ಲ ಎಂದು ಅರ್ಥ, ಅತ್ತೆಯ ನಿಟ್ಟುಸಿರು ಗೋಡೆ ದಾಟಿ ಕೇಳುತ್ತಿತ್ತು. ಆರೇಳು ವರ್ಷ ಕಳೆದ ಮೇಲೆ ಅಳು ನಿಂತಿತು. ಆ ಮೂರು ದಿನಕ್ಕಾಗಿ ಅವಳು ಕಾಯತೊಡಗಿದಳು. ಕಾರಣ ಚಂದ್ರ.

ಗೋಳಿಬಜೆ ಕಟ್ಟಿಕೊಡಲು ಹೋಟೆಲಿಗೆ ಹಳೇ ಕಾಗದ ತರುತ್ತಿದ್ದವನು ಸಾಹುಲ್ ಹಮೀದ್. ಆ ಕಟ್ಟಿನಲ್ಲಿ ಕೆಲವೊಮ್ಮೆ ದೊಡ್ಡವರ ಬಂಗಲೆಗಳ ಮ್ಯಾಗಝಿನುಗಳೂ ಇರುತ್ತಿದ್ದವು. ನುಣುಪು ಕಾಗದ ಎಣ್ಣೆ ಹೀರುವುದಿಲ್ಲ, ಬಜೆ ಕಟ್ಟಲು ಬರುವುದಿಲ್ಲ, ಭಟ್ಟರು ಅದನ್ನು ಬೈದು ಒಳಗೆ ಎಸೆಯುತ್ತಿದ್ದರು. ಐವತ್ತೇಳರಲ್ಲಿ ಹಾಗೆ ಎಸೆದ ಒಂದು ಹಾಳೆಯಲ್ಲಿ ರಷ್ಯಾದವರು ಆಕಾಶಕ್ಕೆ ಹಾರಿಸಿದ ಚೆಂಡಿನಂಥ ಉಪಗ್ರಹದ ಚಿತ್ರವಿತ್ತು. ಎರಡು ವರ್ಷದ ಮೇಲೆ ಚಂದ್ರನ ಬೆನ್ನಿನ ಪಟ ಬಂತು. ಮಸಿಮಸಿ, ಹೊತ್ತಿದ ದೋಸೆಯ ಹಾಗೆ. ಆದರೆ ಹುಟ್ಟಿದ ಮನುಷ್ಯರು ಯಾರೂ ಅಲ್ಲಿಯವರೆಗೆ ಕಾಣದೆ ಇದ್ದ ಮೈ ಅದು ಎಂದು ಕೆಳಗೆ ಬರೆದಿತ್ತು. ಮೂಕಾಂಬಿಕೆ ಒಲೆಯ ಮುಂದೆ ಅದನ್ನು ಓದಿ, ಸಾಂಬಾರಿಗೆ ಉಪ್ಪು ಹಾಕಲು ಮರೆತಳು. ಅಂದು ಬೈಗುಳ ತಿಂದಳು, ಹಾಳೆಯನ್ನು ಮಾತ್ರ ಬಿಡಲಿಲ್ಲ.

ಅದಾದ ಮೇಲೆ ಹಮೀದ್ ಅಂಥ ಹಾಳೆಗಳನ್ನು ಬೇರೆಯೇ ಕಟ್ಟಿ ತಂದುಕೊಡುತ್ತಿದ್ದ. ಅವಳು ಎಲ್ಲವನ್ನೂ ಸೌದೆ ಕೊಟ್ಟಿಗೆಯ ಒಂದು ಡಬ್ಬಿಯಲ್ಲಿ ಇಟ್ಟಳು. ಮುಟ್ಟಾದವಳು ಮುಟ್ಟಿದ ಡಬ್ಬಿಯನ್ನು ಮುಟ್ಟುವ ಧೈರ್ಯ ಆ ಮನೆಯಲ್ಲಿ ಯಾರಿಗಿತ್ತು? ಬ್ಯಾಂಕಿನ ತಿಜೋರಿಗೂ ಅಷ್ಟು ಭದ್ರತೆ ಇರಲಿಕ್ಕಿಲ್ಲ. ಮಂಗಳನ ಮೈಮೇಲಿನ ಗುಂಡಿಗಳು, ಚಂದ್ರನ ನೆಲದ ಮೇಲೆ ಬಿದ್ದ ಕಲ್ಲು, ಎಲ್ಲವೂ ಅಲ್ಲಿದ್ದವು. ಮೂರು ದಿನ ಅವಳು ಅವುಗಳನ್ನು ಚಾಪೆಯ ಮೇಲೆ ಹರಡಿ, ಹೊಟ್ಟೆ ತುಂಬುವಷ್ಟು ನೋಡುತ್ತಿದ್ದಳು. ಉಳಿದ ಇಪ್ಪತ್ತೇಳು ದಿನ ಕಲ್ಲು ತಿರುಗಿಸುತ್ತಿದ್ದಳು.

ಅರುವತ್ತೊಂಬತ್ತರ ಫೆಬ್ರವರಿಯಲ್ಲಿ ಹಮೀದ್ ಹಿತ್ತಿಲ ಬಾಗಿಲಿಗೆ ಬಂದು ಹೇಳಿದ, “ಮೂಕಾಂಬಕ್ಕ, ಶಾಲೆಯಲ್ಲಿ ಪಟ ಇಡ್ತಾರಂತೆ, ಮಂಗಳೂರಿನವರು. ಚಂದ್ರನ ಹತ್ತಿರ ಹೋದವರು ತೆಗೆದ ಭೂಮಿಯ ಪಟ ಉಂಟಂತೆ, ಕಲರಿನದ್ದು. ಬಾಗಿಲಿನಷ್ಟು ದೊಡ್ಡದು.”

“ಯಾವಾಗ?”

“ಸೋಮವಾರ ಒಂದೇ ದಿನ.”

ಸೋಮವಾರ ಪುತ್ತೂರಿನ ಸಂತೆ. ಹೋಟೆಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಆದರೂ ಗಂಡನನ್ನು ಕೇಳಿದಳು. ಭಟ್ಟರು ನಕ್ಕರು. “ಎಂತ ಮಾರಾಯ್ತಿ, ಸಂತೆ ದಿನ ಪಟ ನೋಡ್ಲಿಕ್ಕೆ ಹೋಗುದಾ? ದೋಸೆ ಯಾರು ಹೊಯ್ಯುದು, ಚಂದ್ರನಾ?”

ಅಲ್ಲಿಗೆ ಆ ಮಾತು ಮುಗಿಯಿತು. ಅವರ ಪಾಲಿಗೆ ಮುಗಿಯಿತು ಎನ್ನಬೇಕು. ಭಾನುವಾರ ಸಂಜೆ ಮೂಕಾಂಬಿಕೆ ಚೆಂಬು ಹಿಡಿದು ಸೌದೆ ಕೊಟ್ಟಿಗೆಗೆ ನಡೆದಳು. “ಆರು ದಿನ ಮೊದಲೇ ಆಯ್ತಾ?” ಎಂದರು ಅತ್ತೆ. “ಹೌದು ಅತ್ತೆ,” ಎಂದಳು. ಜೀವನದಲ್ಲಿ ಅವಳು ಅತ್ತೆಗೆ ಹೇಳಿದ ಮೊದಲನೆಯ ಸುಳ್ಳು ಅದು, ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. ಸಿಕ್ಕಿಬಿದ್ದರೆ ಏನಾಗುವುದೆಂದು ಅವಳಿಗೆ ಗೊತ್ತಿತ್ತು. ಇನ್ನು ಮೇಲೆ ಅವಳ ಮಾತನ್ನು ಯಾರೂ ನಂಬುವುದಿಲ್ಲ, ದಿನ ಎಣಿಸುತ್ತಾರೆ, ಕೊಟ್ಟಿಗೆಗೆ ಬಂದು ಬಂದು ನೋಡುತ್ತಾರೆ; ಆ ಮೂರು ದಿನವೂ ಅವಳದಾಗಿ ಉಳಿಯುವುದಿಲ್ಲ.

ಸೋಮವಾರ ಒಳಗೆ ಅತ್ತೆಯ ಒದ್ದಾಟ, ಹೊರಗೆ ಭಟ್ಟರ ಕೂಗಾಟ. ಹೊರಗೆ ಕೂತವಳ ಕಡೆಗೆ ಯಾರೂ ತಲೆ ಹಾಕುವುದಿಲ್ಲ, ಅವಳು ನಂಬಿದ್ದೇ ಅದನ್ನು. ಊಟದ ಹೊತ್ತಿನ ಗಲಾಟೆಯಲ್ಲಿ ಹಿಂದಿನ ಓಣಿಯಿಂದ ಹೊರಟು ಶಾಲೆ ಮುಟ್ಟಿದಳು.

ಪಟ ನಿಜವಾಗಿಯೂ ಬಾಗಿಲಿನಷ್ಟು ದೊಡ್ಡದಿತ್ತು. ಕೆಳಗೆ ಬೂದಿ ಬಣ್ಣದ ನೆಲ, ಮೇಲೆ ಕಡುಕಪ್ಪು, ನಡುವೆ ನೀಲಿಯ ಅರ್ಧ ಉಂಡೆ. ಪೇಪರಿನಲ್ಲಿ ಅವಳು ನೋಡಿದ್ದು ಬರೀ ಮಸಿ. ಭೂಮಿಗೆ ಇಷ್ಟು ಬಣ್ಣ ಉಂಟೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಸಂತೋಷ ತಡೆಯಲಾರದೆ ಪಕ್ಕದ ಬೆಂಚು ಹಿಡಿದು ನಿಂತಳು. ಹತ್ತು ನಿಮಿಷ ಹಾಗೇ ನಿಂತು ನೋಡಿದಳು. ಯಾರಿಗೂ ಗೊತ್ತಾಗದ ಹಾಗೆ ವಾಪಸು ಬಂದು ಚಾಪೆಯ ಮೇಲೆ ಕೂತಾಗ ಒಳಗೆ ಅತ್ತೆ ಇನ್ನೂ ಕಾವಲಿಯ ಜೊತೆ ಜಗಳ ಮಾಡುತ್ತಿದ್ದರು.

ಗೆದ್ದೆ ಎಂದುಕೊಂಡಳು. ಮಾಡಿದ್ದುಣ್ಣೋ ಮಹಾರಾಯ ಎನ್ನುವುದು ಆಮೇಲಿನ ಮಾತು. ನಾಲ್ಕನೆಯ ದಿನ ಮಿಂದು ಒಳಗೆ ಬಂದಳು. ಶನಿವಾರ ಬೆಳಿಗ್ಗೆ ನಿಜವಾದದ್ದು ಬಂತು.

ವಾರದಲ್ಲಿ ಎರಡು ಸಲ ಹೊರಗೆ ಕೂರುವ ಹಾಗಿಲ್ಲ. ಕೂತರೆ ಡಾಕ್ಟರು, ಡಾಕ್ಟರ ಪ್ರಶ್ನೆ, ಅತ್ತೆಯ ಲೆಕ್ಕಾಚಾರ, ಸುಳ್ಳು ಬಯಲು. ಒಳಗೇ ಉಳಿದಳು. ಮುಟ್ಟಿನಲ್ಲೇ ಹಿಟ್ಟು ಕಡೆದಳು, ನೀರು ಸೇದಿದಳು, ದೇವರ ನೈವೇದ್ಯಕ್ಕೆ ಅನ್ನ ಮಾಡಿದಳು. ಅನ್ನ ಬಸಿಯುವಾಗ ಗಂಜಿ ಕಾಲ ಮೇಲೆ ಚೆಲ್ಲಿತು. ಹಾಲು ಒಡೆಯುತ್ತದೆ, ಅನ್ನ ಹಳಸುತ್ತದೆ, ಹಾವು ಒಳಗೆ ಬರುತ್ತದೆ. ಚಿಕ್ಕಂದಿನಿಂದ ಕೇಳಿದ್ದೆಲ್ಲ ತಲೆಯಲ್ಲಿ ಸುತ್ತಿತು. ಮೂರು ದಿನ ಅವಳು ಕಾದಳು.

ಏನೂ ಆಗಲಿಲ್ಲ. ಹಾಲು ಒಡೆಯಲಿಲ್ಲ. ಹಿಟ್ಟು ಎಂದಿಗಿಂತ ಚೆನ್ನಾಗಿ ಉಬ್ಬಿತು. ಸೋಮವಾರ ಸಂತೆಗೆ ಬಂದವರು ಇನ್ನೆರಡು ದೋಸೆ ಕೇಳಿ ತಿಂದರು, ಅತ್ತೆ ನೈವೇದ್ಯದ ಅನ್ನ ಉಂಡು ಒಳ್ಳೆಯ ನಿದ್ದೆ ಮಾಡಿದರು. ಮೂಕಾಂಬಿಕೆಗೆ ಮೊದಲು ಸಮಾಧಾನವಾಯಿತು. ಆಮೇಲೆ ಸಿಟ್ಟು ಬಂತು, ಮೈಯೆಲ್ಲ ಉರಿಯುವಷ್ಟು ಸಿಟ್ಟು. ಹದಿನೆಂಟು ವರ್ಷ ಸೌದೆಯ ಪಕ್ಕ ಕೂತದ್ದು ಇದಕ್ಕೋ? ಹೋಗಿ ಅತ್ತೆಯ ಮುಖಕ್ಕೆ ಹೇಳಬೇಕೆಂದು ಎದ್ದವಳು ಬಾಗಿಲಲ್ಲೇ ನಿಂತುಬಿಟ್ಟಳು. ಹೇಳಿದರೆ ಕೊಟ್ಟಿಗೆ ಹೋಗುತ್ತದೆ. ತಿಂಗಳಿಗೆ ಮೂವತ್ತು ದಿನವೂ ಕಲ್ಲೇ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯ ಸ್ಥಿತಿ ಅವಳದು. ಬಾಯಿ ಮುಚ್ಚಿ ಒಳಗೆ ಬಂದು ಕಡಲೆ ನೆನೆಸಿದಳು.

ಜುಲೈಯಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ. ಅದೂ ಸೋಮವಾರವೇ. ಅಂದು ಮೂಕಾಂಬಿಕೆ ನಿಜವಾಗಿ ಹೊರಗೆ ಕೂತಿದ್ದಳು, ಹೋಟೆಲಿನ ರೇಡಿಯೋದ ಸುದ್ದಿಗಾಗಿ ಹಲಗೆಯ ಗೋಡೆಗೆ ಕಿವಿಯೊತ್ತಿ. ಸಂತೆಯ ಜನ, ರೇಡಿಯೋ ಕೇಳಲು ಬಂದ ಜನ, ಎಲ್ಲ ಸೇರಿ ಹೋಟೆಲು ತುಂಬಿತ್ತು. ಒಳಗೆ ಎಪ್ಪತ್ತು ವರ್ಷದ ಅತ್ತೆ ಒಬ್ಬರೇ. ಭಟ್ಟರು ಬೆವರು ಒರೆಸುತ್ತಾ ಕೊಟ್ಟಿಗೆಯ ಬಾಗಿಲಿಗೆ ಬಂದರು.

“ಕೇಳು ಮಾರಾಯ್ತಿ. ಮನುಷ್ಯ ಚಂದ್ರನ ಮೇಲೆ ನಡಿಲಿಕ್ಕೆ ಶುರು ಮಾಡಿದ. ನಾವು ಇನ್ನೂ ಮುಟ್ಟು, ಮೈಲಿಗೆ ಹೇಳಿ ಕೂರುದಾ? ಮಿಂದು ಒಳಗೆ ಬಾ. ಇವತ್ತಿನಿಂದ ಈ ಮನೆಯಲ್ಲಿ ಹೊರಗೆ ಕೂರುದು ಬೇಡ.”

ಅವರ ಹಿಂದೆ ಅತ್ತೆ ನಿಂತಿದ್ದರು, ಸೊಂಟ ಹಿಡಿದುಕೊಂಡು. ಅವರೂ ಬೇಡ ಎನ್ನಲಿಲ್ಲ. ಸಾಕಾಗಿತ್ತು ಅವರಿಗೂ. ಸೊಸೆಯ ಮುಖವನ್ನೇ ನೋಡುತ್ತಿದ್ದರು.

“ಶಾಸ್ತ್ರ ಬಿಡ್ಲಿಕ್ಕೆ ಆಗ್ತದಾ?” ಎಂದಳು ಮೂಕಾಂಬಿಕೆ. “ನಾನು ಒಳಗೆ ಬಂದ್ರೆ ಅನ್ನ ಹಳಸ್ತದೆ.”

ಭಟ್ಟರು ಗೊಣಗುತ್ತಾ ಹೋದರು. ಅತ್ತೆ ಮಾತ್ರ ಆ ಮಾತನ್ನು ಇಡೀ ದರ್ಬೆಗೆ ಹೇಳಿದರು. ಗಂಡನೇ ಬಿಡು ಎಂದರೂ ಬಿಡದ ಸೊಸೆ. ಹೊಸ ಕಾಲದ ಹುಡುಗಿಯರಿಗೆ ಬುದ್ಧಿ ಹೇಳಬೇಕಾದಾಗ ಜನ ಮೂಕಾಂಬಿಕೆಯ ಹೆಸರು ಹೇಳತೊಡಗಿದರು. ಪಕ್ಕದ ಮನೆಯವರು ತಮ್ಮ ಹೊಸ ಸೊಸೆ ಗೋದಾವರಿಯನ್ನು ಕರೆದುಕೊಂಡೇ ಬಂದರು. ಹೊರಗೆ ಕೂರುವುದಿಲ್ಲ ಎಂದು ಹಟ ಹಿಡಿದ ಹುಡುಗಿ, ಕಾಲೇಜು ಮೆಟ್ಟಿಲು ಹತ್ತಿದವಳು, ಅತ್ತು ಕಣ್ಣು ಕೆಂಪು.

“ನೀವೇ ಹೇಳಿ ಅಕ್ಕ,” ಎಂದಳು ಅವಳು. “ಒಳಗೆ ಇದ್ರೆ ನಿಜವಾಗಿ ಎಂತ ಆಗ್ತದೆ?”

ಎರಡೂ ಮನೆಯ ಅತ್ತೆಯಂದಿರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅದಕ್ಕೆ ಉತ್ತರ ದರ್ಬೆಯಲ್ಲಿ ಗೊತ್ತಿದ್ದದ್ದು ಮೂಕಾಂಬಿಕೆ ಒಬ್ಬಳಿಗೇ.

“ಅನ್ನ ಹಳಸ್ತದೆ ಮಗಾ,” ಎಂದಳು. “ನಾನು ನೋಡಿದ್ದೇನೆ.”