‘ಸಾಸಿವೆ ಡಬ್ಬಿ’ ಬರೆದವರು

ಮಾನ್ವಿಯ ಒಂದು ಅಡುಗೆಮನೆಯಲ್ಲಿ ಇಪ್ಪತ್ತಮೂರು ಸ್ಟೀಲ್ ಡಬ್ಬಿಗಳಿವೆ. ಒಂದೊಂದರ ಮೇಲೂ ಒಂದು ಚೀಟಿ, ಚೀಟಿಯ ಮೇಲೆ ನಂಬರು. ಬೇಳೆಗಳಿಗೆಲ್ಲ ಎರಡು, ಅದರಲ್ಲಿ ತೊಗರಿಗೆ ಎರಡು ಬಿಂದು ಒಂದು, ಕಡಲೆಗೆ ಎರಡು ಬಿಂದು ಎರಡು. ಅತ್ತೆ ಸೂಗಮ್ಮನಿಗೆ ಓದಲು ಬಾರದ್ದರಿಂದ ನಂಬರಿನ ಪಕ್ಕ ಆಯಾ ಕಾಳನ್ನೇ ಅಂಟಿಸಿದೆ. ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಕೊಡುವ ನಂಬರಿನ ಪದ್ಧತಿಯನ್ನು ಹೀಗೆ ಬೇಳೆಕಾಳಿಗೆ ತಂದವಳು ಸೊಸೆ ಮೌನೇಶ್ವರಿ.

ಅವಳ ತವರು ದೇವದುರ್ಗ. ಅಪ್ಪ ತಾಯಣ್ಣ ಹಮಾಲಿ ಕೆಲಸಕ್ಕೆ ಹೋಗುವಾಗ ಮಗಳನ್ನು ಊರ ಗ್ರಂಥಾಲಯದಲ್ಲಿ ಕೂರಿಸಿ ಹೋಗುತ್ತಿದ್ದ. ಅಲ್ಲಿ ನೆರಳಿತ್ತು, ಕುಡಿಯಲು ನೀರಿತ್ತು. ಹಳೆಯ ಪೇಪರುಗಳನ್ನು ತಾರೀಖಿನ ಪ್ರಕಾರ ಜೋಡಿಸುವುದನ್ನು ಅವಳು ಅಲ್ಲೇ ಕಲಿತಳು. ಮದುವೆಯಾಗಿ ಆರು ವರ್ಷಕ್ಕೆ, ಗಂಡ ಅಂಬರೀಶನನ್ನು ಒಪ್ಪಿಸಿ, ಯರಗೇರಾದ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಗ್ರಂಥಾಲಯ ವಿಜ್ಞಾನದ ಎಂ.ಎ.ಗೆ ಸಮನಾದ ಕೋರ್ಸಿಗೆ ಸೇರಿದಳು. ಅಂಬರೀಶ ಸಿರವಾರದ ಖಾಸಗಿ ಕಾಲೇಜೊಂದರ ಗ್ರಂಥಾಲಯದಲ್ಲಿ ತಾತ್ಕಾಲಿಕ ನೌಕರ. ‘ಮನಿ ಕೆಲಸ ನಿಲ್ಲಬಾರದು, ಅಷ್ಟ ನೋಡು’ ಎಂದು ಹೇಳಿ ಒಪ್ಪಿದ್ದ.

ಕೆಲಸ ನಿಲ್ಲಲಿಲ್ಲ. ನಾಲ್ಕೂವರೆಗೆ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ನಳದ ನೀರು ತುಂಬಿ, ಏಳರ ಬಸ್ಸಿಗೆ ರಾಯಚೂರು, ಅಲ್ಲಿಂದ ಇನ್ನೊಂದು ಬಸ್ಸಿಗೆ ಯರಗೇರಾ. ಕೊಡ ತುಂಬುವ ಹೊತ್ತು, ಬಸ್ಸಿನ ಕಿಟಕಿ ಪಕ್ಕದ ಹೊತ್ತು, ಈ ಎರಡೇ ಅವಳವು. ಆ ಹೊತ್ತಿನಲ್ಲೇ ಅವಳು ‘ಸಾಸಿವೆ ಡಬ್ಬಿ’ ಎಂಬ ಬ್ಲಾಗ್ ಬರೆದಳು. ಕ್ಲಾಸಿನಲ್ಲಿ ತಲೆಗೆ ಹತ್ತದ ಪಾಠವನ್ನು ಮನೆಯ ಕೆಲಸದಲ್ಲಿಟ್ಟು ಬಿಡಿಸುವ ಬರಹಗಳು. ಹರಿದ ಪುಸ್ತಕ ಹೊಲಿಯುವುದಕ್ಕೂ ಕೌದಿ ಹೊಲಿಯುವುದಕ್ಕೂ ಇರುವ ನಂಟು, ಡಬ್ಬಿಗಳ ನಂಬರು, ರೊಟ್ಟಿ ಬಡಿಯುತ್ತಲೇ ಪಟ್ಟಿ ನೆನಪಿಡುವ ಬಗೆ. ಅತ್ತೆಯ ಬೈಗುಳವೂ ‘ಮನೆಯ ಹಿರಿಯರು’ ಎಂಬ ಹೆಸರಿನಲ್ಲಿ ನಡುನಡುವೆ ಬರುತ್ತಿತ್ತು. ಅದಕ್ಕೇ ಹೆಸರು ಹಾಕಿರಲಿಲ್ಲ, ಬರೆದವರು ಹೆಣ್ಣೋ ಗಂಡೋ ಎಂಬ ಗುರುತೂ ಬಿಟ್ಟಿರಲಿಲ್ಲ, ಗೆಳತಿಯರಿಗೂ ಹೇಳಿರಲಿಲ್ಲ. ಶುರುಮಾಡಿದಾಗ ಅವಳಲ್ಲಿ ಫೋನಿರಲಿಲ್ಲ. ಅಂಬರೀಶನ ಫೋನಿನಲ್ಲಿ, ಅವನ ಈಮೇಲ್ ಕೊಟ್ಟು ತೆರೆದದ್ದು. ಮುಂದೆ ತನ್ನದೇ ಫೋನು ಬಂದ ಮೇಲೆ ಬ್ಲಾಗನ್ನು ಅದರಲ್ಲೇ ಬರೆದಳು, ಈಮೇಲ್ ಮಾತ್ರ ಹಾಗೇ ಅವನ ಫೋನಿನಲ್ಲಿ ಉಳಿಯಿತು.

ವಿಭಾಗದಲ್ಲೊಂದು ರೂಢಿ ಇದೆ. ಕೋರ್ಸು ಮುಗಿಸುವವರು ಹೊಸಬರಿಗಾಗಿ ತಮಗೆ ಇಷ್ಟವಾದ ಬ್ಲಾಗುಗಳನ್ನು ಶಿಫಾರಸು ಮಾಡಬೇಕು. ಒಬ್ಬರಿಗೆ ಒಂದು, ಯಾಕೆ ಎಂದು ಎರಡು ಸಾಲು. ಪಟ್ಟಿ ಕಾರಿಡಾರಿನ ಹಲಗೆಗೂ ವೆಬ್‌ಸೈಟಿಗೂ ಹೋಗುತ್ತದೆ. ಬರೆದವರ ಹೆಸರಿಲ್ಲದ ಬ್ಲಾಗು ಪಟ್ಟಿಗೆ ಬರುವಂತಿಲ್ಲ. ಪುಸ್ತಕಗಳ ಕ್ಯಾಟಲಾಗು ಮಾಡಲು ಕಲಿಯುವವರಿಗೆ ಅದು ಮೊದಲ ಪಾಠ. ಈ ಸಲ ಪಟ್ಟಿಯ ಹೊಣೆ ಮೌನೇಶ್ವರಿಯ ಪಕ್ಕ ಕೂರುವ ವಿಶಾಖಾಳದು. ಹತ್ತೊಂಬತ್ತರಲ್ಲಿ ಏಳು ಮಂದಿ ‘ಸಾಸಿವೆ ಡಬ್ಬಿ’ಯನ್ನೇ ಬರೆದುಕೊಟ್ಟರು. ಮೌನೇಶ್ವರಿ ನಾಚಿಕೆಯಿಂದ ಬೇರೆ ಯಾವುದನ್ನೋ ಬರೆದಳು. ಹೆಸರು ಕೇಳಿ ಬ್ಲಾಗಿಗೆ ಮೇಲ್ ಹಾಕಿದ್ದೇನೆ ಎಂದು ವಿಶಾಖಾ ಅಂದಳು. ಇನ್ನು ಹೆಸರು ಹಾಕೋಣ ಎಂದು ಮೌನೇಶ್ವರಿ ಅಂದುಕೊಂಡಳು. ಬೈಗುಳಕ್ಕೆ ಅತ್ತೆ ಏನೂ ಅಂದುಕೊಳ್ಳಲಾರಳು, ಓದಿ ಹೇಳಿದರೆ ನಕ್ಕಾಳು. ಈಮೇಲ್ ಯಾರ ಫೋನಿಗೆ ಹೋಗುತ್ತದೆ ಎಂಬುದು ಅವಳಿಗೆ ಮನೆ ಮುಟ್ಟಿದ ಮೇಲೆ ನೆನಪಾಯಿತು. ಕೇಳಿದರೆ ಅಂಬರೀಶ, ‘ಯಾವ ಮೇಲ್? ನೋಡಿಲ್ಲ’ ಎಂದ.

ಸೋಮವಾರ ಹಲಗೆಯ ಮುಂದೆ ಗುಂಪಿತ್ತು. ಮೊದಲ ಸಾಲಿನಲ್ಲೇ: ಸಾಸಿವೆ ಡಬ್ಬಿ. ಬರೆದವರು: ಅಂಬರೀಶ, ಮಾನ್ವಿ.

“ಏನಕ್ಕಾ, ಇಷ್ಟು ದಿನ ಬಾಯಿ ಬಿಡಲಿಲ್ಲ ನೀ,” ವಿಶಾಖಾ ಅವಳ ತೋಳು ಚಿವುಟಿದಳು. “ಸರ್ ರೊಟ್ಟಿ ಬಡಿತಾರಂತ, ನೀರು ತುಂಬ್ತಾರಂತ. ಪುಣ್ಯ ಮಾಡೀದಿ ನೋಡು.”

ಹುಲಿಗೇಶ ಎಂಬ ಸಹಪಾಠಿ ಕೈಮುಗಿದ. “ನಮ್ಮ ಅವ್ವಗ ಓದಿ ಹೇಳೀನ್ರೀ ಅಕ್ಕಾರ. ‘ಅಂಥಾ ಗಂಡಸು ಎಲ್ಲಿ ಅದಾನಲೇ’ ಅಂದ್ಲು.”

ಮೌನೇಶ್ವರಿ ನಕ್ಕಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ. ಬರೆದದ್ದು ಹೋಯಿತು. ಅದರ ಜೊತೆಗೆ ಬಡಿದ ರೊಟ್ಟಿ, ಹೊತ್ತ ಕೊಡ, ಎರಡು ವರ್ಷದ ನಸುಕುಗಳೂ ಅವನ ಹೆಸರಿಗೆ ಹೋಗಿದ್ದವು.

ಸಂಜೆ ಅಂಬರೀಶ ತಟ್ಟೆಯ ಮುಂದೆ ಕೂತಿದ್ದಾಗ ಕೇಳಿದಳು. ಅವನು ತಲೆ ಎತ್ತಲಿಲ್ಲ.

“ಕಾಲೇಜಿನ್ಯಾಗ ಈ ವರ್ಷ ಪರ್ಮನೆಂಟ್ ಮಾಡಾಕತ್ತಾರ. ಏನರ ಬರದಿದ್ರ ತೋರಸ್ರಿ ಅಂದ್ರು. ತೋರಿಸಿದೆ. ನಿಮ್ಮ ಪಟ್ಟಿಗೂ ಅದ ಹೆಸರು ಕೊಟ್ಟೆ.”

“ನೀವು ಬರದಿದ್ದೇನ್ರಿ ಅದು?”

“ನನ್ನ ಮೇಲ್‌ನಿಂದ ನಡದದ. ಕೋರ್ಸಿಗೆ ಕಳಿಸಿದವ ನಾನು. ನಿನ್ನ ಹೆಸರು ಬ್ಯಾರಿ, ನನ್ನ ಹೆಸರು ಬ್ಯಾರಿ ಏನು?”

“ಹಂಗಾದ್ರ ನನ್ನ ಹೆಸರೇ ಕೊಡಬೇಕಿತ್ತು.”

ಸೂಗಮ್ಮ ಒಳಗಿಂದ ಕೂಗಿದಳು: “ಉಣ್ಣೂವಾಗ ಕಿರಿಕಿರಿ ಬ್ಯಾಡ ಬೇ. ಅವಂದು ನೌಕರಿ ಆಗ್ಲಿ. ನಿಂದು ಹೆಸರು ಎಲ್ಲಿ ಹೋಗ್ತದ?”

ಏಳು ವರ್ಷ ಅದೇ ಒಲೆಯ ಮುಂದೆ ಪಕ್ಕಪಕ್ಕ ಕೂತ ಹೆಂಗಸು. ಯಾರು ಎಷ್ಟು ಕೊಡ ಹೊತ್ತರು ಎಂದು ಲೆಕ್ಕವಿಲ್ಲದೆಯೇ ಗೊತ್ತಿದ್ದವಳು.

ಮುಂದಿನ ಭಾನುವಾರ ವಿಶಾಖಾ, ಹುಲಿಗೇಶ, ಇನ್ನೂ ಮೂವರು ಮಾನ್ವಿಗೆ ಬಂದರು. ಲೇಖಕರ ಕೈಯ ರೊಟ್ಟಿ ತಿನ್ನಬೇಕು, ಅವರು ಬಡಿಯುವುದನ್ನು ವಿಡಿಯೋ ಮಾಡಿ ಪಟ್ಟಿಯ ಜೊತೆ ಹಾಕಬೇಕು ಎಂದು ಅವರ ಆಸೆ. ಹಿಂದಿನ ದಿನವೇ ಅಂಬರೀಶ ಹೆಂಡತಿಗೆ ಹೇಳಿದ್ದ: “ನೀ ಮಾಡಿ ಮುಚ್ಚಿಡು. ನಾ ಒಂದು ಹಂಚಿನ ಮ್ಯಾಲೆ ಹಾಕ್ದಂಗ ಮಾಡ್ತೀನಿ.”

ಮೌನೇಶ್ವರಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಭಾನುವಾರ ತಲೆಗೆ ಎರೆದುಕೊಂಡು ಒಳ್ಳೆಯ ಸೀರೆ ಉಟ್ಟು ಬಂದವರ ಜೊತೆ ಪಡಸಾಲೆಯ ಚಾಪೆಯ ಮೇಲೆ ಕೂತಳು. ಒಲೆ ತಣ್ಣಗಿತ್ತು.

ಅಂಬರೀಶ ಮಾತಾಡಿದ. ಚೆನ್ನಾಗಿಯೇ ಮಾತಾಡಿದ. “ಒಂದಿನ ನಸುಕಿನ್ಯಾಗ ತೊಗರಿ ಬ್ಯಾಳಿ ಅಂತ ಕಡ್ಲಿಬ್ಯಾಳಿ ಹಾಕಿಬಿಟ್ಟೆ. ಆವಾಗ ಹೊಳೀತು ನೋಡ್ರಿ, ಡಬ್ಬಿಗೂ ನಂಬರ್ ಬೇಕು ಅಂತ.” ಆ ಬೇಳೆಗಾಗಿ ಆ ದಿನ ತಟ್ಟೆ ತಳ್ಳಿ ಎದ್ದುಹೋದವನು ಅವನೇ. ಅದನ್ನು ಮಾತ್ರ ಅವಳು ಬ್ಲಾಗಿನಲ್ಲಿ ಬರೆದಿರಲಿಲ್ಲ. ಅವನ ಮರ್ಯಾದೆ ಕಾಯ್ದಿದ್ದಳು.

“ಸರ್, ಹೊಟ್ಟಿ ಹಸ್ದದ. ಏಳ್ರಿ ಮತ್ತ,” ಎಂದ ಹುಲಿಗೇಶ, ಫೋನು ಹಿಡಿದು.

ಅಂಬರೀಶ ಹೆಂಡತಿಯ ಕಡೆ ನೋಡಿದ. ಅವಳು ಗೋಡೆಗೆ ಒರಗಿ ಕೂತೇ ಇದ್ದಳು.

“ಇವತ್ತು ಕೈ ಉಳುಕ್ಯದಪಾ,” ಎಂದ.

ಅಷ್ಟರಲ್ಲಿ ಒಳಗಿಂದ ಟಪಟಪ ಸದ್ದು ಶುರುವಾಯಿತು. ಸೂಗಮ್ಮ. ಮಂಡಿನೋವಿನಿಂದ ವರ್ಷದಿಂದ ಕೆಳಗೆ ಕೂರದಿದ್ದವಳು, ಮಗನ ಮಾನಕ್ಕಾಗಿ ರೊಟ್ಟಿ ಬಡಿಯುವ ಕಲ್ಲಿನ ಮುಂದೆ ಕೂತಿದ್ದಳು. ಮೌನೇಶ್ವರಿ ನೊಂದದ್ದು ಆ ಸದ್ದಿಗೆ. ಗಂಡನ ಸುಳ್ಳಿಗೆ ಅಷ್ಟು ನೊಂದಿರಲಿಲ್ಲ.

ನೀರು ಕುಡಿಯಲು ಒಳಗೆ ಹೋದ ವಿಶಾಖಾ ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಬೇರೆಯಾಗಿತ್ತು. ಎಲ್ಲರೂ ಉಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟಾಗ ಅವಳು ಹಿಂದೆ ಉಳಿದಳು.

“ಡಬ್ಬಿ ಮ್ಯಾಲೆ ನಿನ್ನ ಅಕ್ಷರ ಅಕ್ಕಾ. ಎರಡು ವರ್ಷ ನಿನ್ನ ನೋಟ್ಸ್ ಕಾಪಿ ಮಾಡೀನಿ, ನನಗ ಗೊತ್ತಾಗಂಗಿಲ್ಲೇನು?”

ಮೌನೇಶ್ವರಿ ಸೆರಗಿನ ತುದಿ ತಿರುವುತ್ತ ನಿಂತಳು.

“ಹೇಳಬೇಕಿತ್ತು ನೀ.”

“ನೀ ಬರೆದವರ ಹೆಸರು ಕೇಳಿದ್ದು ಮೇಲ್‌ನ. ಪಕ್ಕದಾಗ ಕುಂತಾಕೀನ ಕೇಳಲಿಲ್ಲ.”

ವಿಶಾಖಾ ಹೇಳಿದಳು: “ಪಟ್ಟಿ ನಾ ಒಬ್ಬಾಕಿನೇ ತಿದ್ದಾಕ ಬರಂಗಿಲ್ಲ. ಬ್ಲಾಗಿನ್ಯಾಗ ಹೆಸರು ಕಾಣಬೇಕು. ಕಂಡ್ರ ಅವತ್ತೇ ತಿದ್ದತೀನಿ.”

ಮರುದಿನ ನಸುಕಿಗೆ ನಳ ಬಂತು. ಮೌನೇಶ್ವರಿ ಕೊಡ ಇಟ್ಟು ಎಂದಿನಂತೆ ಕಟ್ಟೆಯ ಮೇಲೆ ಕೂತು ಫೋನು ತೆಗೆದಳು. ನಾಲ್ಕು ಕೊಡ ತುಂಬುವಷ್ಟರಲ್ಲಿ ಬರೆದು ಮುಗಿಯಿತು. ಕಡಲೆಬೇಳೆ ಹಾಕಿದ ದಿನ ತಟ್ಟೆ ತಳ್ಳಿ ಎದ್ದವರು ಯಾರು ಎಂಬುದನ್ನೂ ಈ ಸಲ ಬಿಡಲಿಲ್ಲ. ಭಾನುವಾರದ ರೊಟ್ಟಿ ಯಾರ ಕೈಯದು ಎಂಬುದನ್ನೂ ಬರೆದಳು: ಸೂಗಮ್ಮ, ಅರವತ್ತೊಂದು ವರ್ಷ, ಮಂಡಿನೋವು. ಕೊನೆಗೆ ಎರಡು ವರ್ಷದಲ್ಲಿ ಮೊದಲ ಸಲ ತನ್ನ ಹೆಸರು ಹಾಕಿದಳು. ಮೌನೇಶ್ವರಿ ತಾಯಣ್ಣ, ದೇವದುರ್ಗ.

ಏಳರ ಬಸ್ಸಿಗೆ ಚೀಲ ಹೆಗಲಿಗೇರಿಸುವಾಗ ಅಂಬರೀಶ ಫೋನು ಹಿಡಿದು ಬಾಗಿಲಿಗೆ ಬಂದ.

“ಇದನ್ನ ತಗಿ ಮೊದಲು.”

“ನೀವ ತಗೀರಿ,” ಅವಳು ಚಪ್ಪಲಿ ಮೆಟ್ಟುತ್ತ ಹೇಳಿದಳು. “ಬರೆದವರು ನೀವಲ್ಲೇನ್ರಿ?”

ಅವನು ಪರದೆಯನ್ನು ಮೇಲೆ ಕೆಳಗೆ ಉಜ್ಜಿದ. ಬರೆದದ್ದನ್ನು ಎಲ್ಲಿಂದ ತೆಗೆಯಬೇಕು ಎಂದು ಅವನಿಗೆ ಗೊತ್ತಿರಲಿಲ್ಲ.